ಬಿಚ್ಚಿಟ್ಟ ಲಾರಿ

ಬಿಜೂರಿನ ನಮ್ಮ ಮನೆಗೆ ಬಂದವರು ಅಂಗಳ ದಾಟುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು. ಬಡಗು ಮೂಲೆಯ ತಗಡಿನ ಮಾಡಿನಡಿಯಲ್ಲಿ, ಬಾನೆಟ್ ಇಲ್ಲದೆ, ಇಂಜಿನ್ನಿನ ತಲೆ ತೆರೆದುಕೊಂಡು ನಿಂತ ಆ ಮಿಲಿಟರಿ ಲಾರಿಯನ್ನು ಯಾಕೆ ಹೀಗೆ ಬಿಚ್ಚಿಟ್ಟಿದ್ದೀರಿ ಎಂದು. ಮನೆಯವರ ಉತ್ತರವೂ ಒಂದೇ ಆಗಿತ್ತು: ಮೆಕ್ಯಾನಿಕ್ ಅರ್ಧ ಕೆಲಸ ಮಾಡಿ ಬಿಟ್ಟು ಹೋದ, ಅವನಿಗೆ ಸೊಕ್ಕು. ಅಮ್ಮಮ್ಮ ಸಾಯುವವರೆಗೂ ಹಾಗೆ ಹೇಳಿದರು. ಮುಂಬೈಯಲ್ಲಿ ಹೋಟೆಲು ನಡೆಸುವ ಮಾವ, ಅಂದರೆ ಅಮ್ಮನ ಅಣ್ಣ, ಊರಿಗೆ ಬಂದಾಗಲೆಲ್ಲ ಹಾಗೆ ಹೇಳಿದರು. ಅಮ್ಮ ತಾನು ಹೇಳಲಿಲ್ಲ, ಹೇಳುವವರನ್ನು ತಡೆಯಲೂ ಇಲ್ಲ. ಹನ್ನೊಂದನೆಯ ವಯಸ್ಸಿನಿಂದ ಇಪ್ಪತ್ತೊಂಬತ್ತರವರೆಗೆ ನಾನು ಆ ಮಾತನ್ನು ಕೇಳುತ್ತಾ ಬಂದೆ, ಕೇಳಿ ಸುಮ್ಮನಿದ್ದೆ. ನಿಜವಾಗಿ ಆದದ್ದನ್ನು ಕಂಡವಳು ನಾನು. ಕಂಡವಳು ಎಂದರೆ ಸಾಲದು, ಅದರಲ್ಲಿ ನನ್ನದೂ ಪಾಲಿತ್ತು. ನನ್ನ ಖಾಸಗಿ ಬದುಕನ್ನು ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಇದೊಂದನ್ನು ಬರೆಯದಿದ್ದರೆ ಆ ಸುಳ್ಳು ನಮ್ಮ ಮನೆಯ ಇತಿಹಾಸವಾಗಿ ಉಳಿದುಬಿಡುತ್ತದೆ.

ಲಾರಿಯನ್ನು ತಂದದ್ದು ಅಜ್ಜಯ್ಯ. ಸೈನ್ಯ ತನಗೆ ಬೇಡವಾದ ವಾಹನಗಳನ್ನು ಹರಾಜು ಹಾಕಿದಾಗ ಕೊಂಡದ್ದಂತೆ. ಹಸಿರು ಬಣ್ಣದ ಮೇಲೆ ನೀಲಿ ಬಳಿಸಿ ಊರಿನ ನಂಬರು ಬರೆಸಿದ್ದರೂ, ಮಳೆಗಾಲ ಕಳೆದಂತೆ ನೀಲಿ ಉದುರಿ ಕೆಳಗಿನ ಹಸಿರು ಕಾಣುತ್ತಿತ್ತು. ಸೈನ್ಯದ ನಂಬರಿನ ಮುಂದಿನ ಮೇಲ್ಮುಖ ಬಾಣವೂ ಮಸುಕಾಗಿ ಕಾಣುತ್ತಿತ್ತು. ಅಜ್ಜಯ್ಯ ಅದರಲ್ಲಿ ಕೆಂಪುಕಲ್ಲು ಸಾಗಿಸಿದರು, ತೆಂಗಿನಕಾಯಿ ಸಾಗಿಸಿದರು, ಮದುವೆಯ ದಿಬ್ಬಣಗಳನ್ನು ಧೂಳೆಬ್ಬಿಸುತ್ತಾ ಬೈಂದೂರಿಗೂ ಕುಂದಾಪುರಕ್ಕೂ ಒಯ್ದರು. ಅಮ್ಮ ಚಿಕ್ಕವಳಿದ್ದಾಗ ಅವರ ಪಕ್ಕದಲ್ಲಿ, ಗಿಯರಿನ ಕೋಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತಿದ್ದಳಂತೆ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಹೋಗುವುದು ಹಿಂದಿನಿಂದ ಬಂದ ಕ್ರಮ. ಅಜ್ಜಯ್ಯ ತೀರಿಕೊಂಡ ಮೇಲೆ ಮನೆ, ಬಾವಿ, ಎರಡು ಗದ್ದೆ, ನಡೆಯದ ಲಾರಿ ಎಲ್ಲವೂ ಅಮ್ಮನ ಹೆಸರಿಗೆ ಬಂದವು. ಹೆಸರು ಅಮ್ಮನದು, ಮಾತು ಮಾವನದು. ವರ್ಷಕ್ಕೆ ಎರಡು ಸಲ ಬಂದು ಹತ್ತು ದಿನ ಇರುವ ಮನುಷ್ಯ ಬಚ್ಚಲಿನ ಹಂಡೆ ಎಲ್ಲಿರಬೇಕು ಎಂಬುದನ್ನೂ ಹೇಳುತ್ತಿದ್ದರು. ಅವರು ಹೋದ ಮೇಲೆ ಅಮ್ಮ ಹಂಡೆಯನ್ನು ಸದ್ದಿಲ್ಲದೆ ಹಿಂದಿನ ಜಾಗಕ್ಕೆ ತರುತ್ತಿದ್ದಳು. ಹೀಗೆ ಸದ್ದಿಲ್ಲದೆ ಗೆಲ್ಲುವುದನ್ನು ನಾನು ಬಹಳ ಕಾಲ ಜಾಣತನ ಎಂದುಕೊಂಡಿದ್ದೆ.

ನನಗೆ ಹನ್ನೊಂದಾದ ವರ್ಷ ಮಾವ ಫೋನಿನಲ್ಲಿ ಲಾರಿಯನ್ನು ಗುಜರಿಗೆ ಹಾಕಿ ಎಂದರು. ಅಮ್ಮ ಹೂಂಗುಟ್ಟಿ, ಮರುದಿನವೇ ನನ್ನನ್ನು ಕರೆದುಕೊಂಡು ಮೆಕ್ಯಾನಿಕ್‌ನನ್ನು ಹುಡುಕಲು ಹೊರಟಳು. ಅಪ್ಪನಿಗೆ ಶಿವಮೊಗ್ಗದಲ್ಲಿ ಕೆಲಸ, ತಿಂಗಳಿಗೊಮ್ಮೆ ಬಂದು ಹೋಗುವವರು. ಅವರಿಗೆ ಈ ಲಾರಿಯ ಉಸಾಬರಿ ಬೇಡವಾಗಿತ್ತು. ಕುಂದಾಪುರದ ಒಂದು ಗ್ಯಾರೇಜಿನಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಂದವರು ಅಮ್ಮನ ಮಾತು ಮುಗಿಯುವ ಮೊದಲೇ ನಕ್ಕರು.

"ಅಮ್ಮಾ, ಅದನ್ನ್ ರಿಪೇರಿ ಮಾಡುಕಿಂತ ವಾಪಾಸ್ ಗಡಿಗೆ ಕಳ್ಸುದ್ ಸುಲಭ. ಮನಿಯಾಗೆ ಗಂಡ್ಸ್ರ್ ಯಾರೂ ಇಲ್ಯಾ? ಅವ್ರನ್ನ್ ಕಳ್ಸಿ, ಮಾತಾಡ್ವ."

ಬ್ರಹ್ಮಾವರದಲ್ಲಿ ಇನ್ನೊಬ್ಬರು ಹಳೆಯ ಇಂಜಿನ್ ತೆಗೆದು ಬೇರೆಯದು ಕೂರಿಸುವುದಾದರೆ ಮಾತ್ರ ಬರುತ್ತೇನೆಂದರು. ಹೇಳಿದ್ದು ಅಮ್ಮನಿಗಾದರೂ ನೋಡುತ್ತಿದ್ದುದು ರಸ್ತೆಯ ಕಡೆ, ಹಿಂದಿನಿಂದ ಯಾರಾದರೂ ಗಂಡಸು ಬರುತ್ತಾನೇನೋ ಎಂಬಂತೆ. ಹಿಂದೆ ಬರುವಾಗ ಬಸ್ಸು ಮರವಂತೆ ದಾಟಿತು. ಆಗ ಅಮ್ಮ, ಬಿಜೂರಿನಲ್ಲಿ ಇಳಿಯುವುದು ಬೇಡ, ಮುಂದೆ ಯಡ್ತರೆಗೆ ಹೋಗೋಣ ಎಂದಳು. ಅಲ್ಲಿ ರಸ್ತೆ ಬದಿಯ ಸಣ್ಣ ಶೆಡ್ಡಿನಲ್ಲಿ ಶೀನಣ್ಣ ಇದ್ದರು. ಮೀನುಗಾರರ ಮನೆಯವರು, ಮೊದಲು ದೋಣಿಗಳ ಇಂಜಿನ್ ನೋಡಿಕೊಂಡು ಆಮೇಲೆ ಲಾರಿ ಕೆಲಸಕ್ಕೆ ಬಂದವರು. ಅವರು ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿದರು. ಗಂಡಸರ ಸುದ್ದಿ ಎತ್ತಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ:

"ಕೊನಿಗ್ ಯಾವಾಗ ಸ್ಟಾರ್ಟ್ ಆದ್ದ್? ಆಗ ಹೊಗಿ ಎಂತ ಬಣ್ಣ ಇದ್ದಿತ್?"

ಅಮ್ಮನಿಗೆ ಹೊಗೆಯ ಬಣ್ಣ ನೆನಪಿತ್ತು. ಅವಳು ಅಂದು ಖುಷಿಯಾಗಿ ಉತ್ತರ ಕೊಟ್ಟಳು. ಲಾರಿಯ ಬಗ್ಗೆ ಅವಳಿಗೆ ಇಷ್ಟೊಂದು ಗೊತ್ತಿದೆ ಎಂಬುದು ನನಗೂ ಅದೇ ಮೊದಲು ತಿಳಿದದ್ದು.

ಮಳೆಯ ರಭಸ ತಗ್ಗಿದ ಮೇಲೆ ಭಾನುವಾರಗಳಂದು ಶೀನಣ್ಣ ಬರತೊಡಗಿದರು. ಬಿಚ್ಚಿದ ಪ್ರತಿ ಬೋಲ್ಟು ತನ್ನ ಜಾಗದ ಹೆಸರಿನೊಂದಿಗೆ ಇರಬೇಕೆಂಬುದು ಅವರ ಕ್ರಮ. ಆ ಕೆಲಸವನ್ನು ನನಗೆ ಕೊಟ್ಟರು. ನಾನು ತೆಂಗಿನ ಗೆರಟೆಗಳನ್ನು ಸಾಲಾಗಿಟ್ಟು, ಒಂದೊಂದರಲ್ಲೂ ಅವರು ಹೇಳಿದ್ದನ್ನು ಬರೆದ ಚೀಟಿ ಹಾಕಿ, ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತುಂಬುತ್ತಿದ್ದೆ. ಒಮ್ಮೆ ಎರಡು ಗೆರಟೆಗಳ ಚೀಟಿ ಅದಲುಬದಲಾಗಿತ್ತು. ಅವರು ಬೈಯಲಿಲ್ಲ, ಎರಡನ್ನೂ ನನ್ನ ಕೈಗೆ ಸುರಿದು ನೀನೇ ಬೇರೆ ಮಾಡು ಎಂದರು. ಅರ್ಧ ಗಂಟೆ ಹಿಡಿಯಿತು. ಮುಂದೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸೀಸೆಗಳಿಗೆ ಹೆಸರು ಬರೆಯುವಾಗ ನನ್ನನ್ನು ಅತಿ ನಿಧಾನಿ ಎಂದು ಗೆಳತಿಯರು ರೇಗಿಸುತ್ತಿದ್ದರು. ಆ ನಿಧಾನ ಎಲ್ಲಿಂದ ಬಂತೆಂದು ನಾನು ಯಾರಿಗೂ ಹೇಳಿಲ್ಲ. ಲಾರಿ ಯುದ್ಧಕ್ಕೆ ಹೋಗಿತ್ತೇ ಎಂದು ನಾನು ಒಂದು ದಿನ ಕೇಳಿದೆ.

"ಯುದ್ಧಕ್ಕೆ ಹೋಯಿತ್ತಾ ಇಲ್ಯಾ ಗೊತ್ತಿಲ್ಲೆ ಮಗಾ. ಸಿಪಾಯಿಗಳಿಗೆ ಬಟಾಟಿ ಹೊತ್ತದ್ದಿಕ್ಕ್. ಅವ್ರೂ ಉಣ್ಕಲ್ದಾ?"

ಮಧ್ಯಾಹ್ನ ಅವರು ನಮ್ಮೊಂದಿಗೆ ಚಾವಡಿಯಲ್ಲೇ ಊಟ ಮಾಡುತ್ತಿದ್ದರು. ಇದನ್ನು ಒತ್ತಿ ಹೇಳಬೇಕು. ಅಮ್ಮಮ್ಮನೇ ಬಡಿಸುತ್ತಿದ್ದರು. ಬಂಗುಡೆ ಮೀನಿನ ಸಾರಿಗೆ ಹುಳಿ ಹೆಚ್ಚಾಯಿತು ಎಂದು ಶೀನಣ್ಣ ಹೇಳುವುದು, ನಿನ್ನ ಹೆಂಡತಿಯ ಹತ್ತಿರ ಕೇಳಿಕೊಂಡು ಬಾ ಮಾರಾಯ ಎಂದು ಅಮ್ಮಮ್ಮ ಗದರುವುದು, ಎಲ್ಲ ನಡೆದಿತ್ತು. ಆರೇಳು ಭಾನುವಾರ ಹೀಗೆ ಉಂಡವರು ಅವರು. ಆಗ ಮನೆಯಲ್ಲಿ ನೋಡುವ ಹೊರಗಿನವರು ಯಾರೂ ಇರಲಿಲ್ಲ.

ಆಮೇಲೆ ಹೊಸ್ತು ಬಂತು. ಗದ್ದೆಯಿಂದ ಮೊದಲ ಕದಿರು ತಂದು, ಪೂಜೆ ಮಾಡಿ, ಮಾವಿನೆಲೆ ಬಿದಿರೆಲೆಗಳಲ್ಲಿ ಸುತ್ತಿ ಬಾಳೆನಾರಿನಿಂದ ಮನೆಯ ಒಂದೊಂದು ವಸ್ತುವಿಗೂ ಕಟ್ಟುವ ದಿನ ಅದು. ಬಾಗಿಲಿಗೆ, ಕಂಬಕ್ಕೆ, ಬಾವಿಯ ರಾಟೆಗೆ, ನೇಗಿಲಿಗೆ, ಅಕ್ಕಿಯ ಡಬ್ಬಕ್ಕೆ, ಮನೆಗಾಗಿ ದುಡಿಯುವ ಎಲ್ಲಕ್ಕೂ ಕದಿರು ಕಟ್ಟುತ್ತಾರೆ. ಆಮೇಲೆ ಹೊಸ ಅಕ್ಕಿಯ ಊಟ. ಆ ಊಟಕ್ಕೆ ಒಂದು ನಿಯಮವಿದೆ. ಎಲೆಯ ಮುಂದೆ ಕೂತವರು ತುತ್ತೆತ್ತುವ ಮೊದಲು ಹಿರಿಯರನ್ನು ನೋಡಿ "ಹೊಸ್ತ್ ಉಂತೆ", ಅಂದರೆ ಹೊಸತು ಉಣ್ಣುತ್ತೇನೆ, ಎನ್ನಬೇಕು, ಹಿರಿಯರು "ಉಣ್" ಎನ್ನಬೇಕು. ಹಾಗೆ ಹೇಳಿಸಿಕೊಳ್ಳದೆ ಹೊಸ ಅಕ್ಕಿ ಯಾರೂ ಉಣ್ಣುವುದಿಲ್ಲ. ಹಿಂದಿನ ಭಾನುವಾರ ಅಮ್ಮ ಶೀನಣ್ಣನಿಗೆ ತಾನೇ ಹೇಳಿದ್ದಳು, ಹೊಸ್ತಿನ ದಿನ ಕೆಲಸ ಬೇಡ, ಊಟಕ್ಕೆ ಬಾ ಎಂದು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಉಗುರಿನ ಸಂದಿಯ ಕಪ್ಪನ್ನು ಎಷ್ಟು ತಿಕ್ಕಿದ್ದರೆಂದರೆ ಬೆರಳ ತುದಿಗಳು ಕೆಂಪಾಗಿದ್ದವು. ಅಮ್ಮಮ್ಮ ಅವರ ಕೈಗೇ ಕದಿರು ಕೊಟ್ಟು ಲಾರಿಗೂ ಒಂದು ಕಟ್ಟು ಎಂದರು. ಅವರು ಸ್ಟಿಯರಿಂಗಿಗೆ ಕಟ್ಟಿದರು.

ಆ ವರ್ಷ ಮಾವ ಹೆಂಡತಿಯ ಕಡೆಯ ನಾಲ್ಕು ಜನರನ್ನೂ ಮುಂಬೈಯಿಂದ ಕರೆತಂದಿದ್ದರು. ಚಾವಡಿಯಲ್ಲಿ ಎಲೆ ಹಾಕಿದ್ದಾಯಿತು. ಶೀನಣ್ಣ ಕಾಲು ತೊಳೆದುಕೊಂಡು ಜಗಲಿಯ ಮೆಟ್ಟಿಲ ಮೇಲಿದ್ದರು. ಮಾವ ಅಡುಗೆಮನೆಗೆ ಬಂದು, ದನಿ ತಗ್ಗಿಸಿಯೂ ಅಲ್ಲ, ಎತ್ತಿಯೂ ಅಲ್ಲ, ಉಪ್ಪಿನಕಾಯಿ ಎಲ್ಲಿ ಎಂದು ಕೇಳಿದಷ್ಟು ಸಹಜವಾಗಿ ಹೇಳಿದರು:

"ಅಂವ್ನಿಗ್ ಹಿಂದಿನ್ ಜಗ್ಲಿಯಾಗೆ ಹಾಕಿ. ಇವ್ರೆಲ್ಲ ಇದ್ರ್ ಅಲ್ದಾ."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಅಮ್ಮಮ್ಮನ ಮುಖ ನೋಡಿದಳು. ಅಮ್ಮಮ್ಮ ಪಾಯಸದ ಸೌಟು ತಿರುಗಿಸುತ್ತಿದ್ದರು, ಅವರು ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಒಂದು ಬಾಳೆಲೆ ತೆಗೆದು ನನ್ನ ಕೈಗಿಟ್ಟಳು.

"ಹೆಣ್ಣೇ, ಹೋಯಿ ಹೇಳ್."

ನಾನು ಹೋಗಿ ಹೇಳಿದೆ. "ಶೀನಣ್ಣ, ನಿಮ್ಗೆ ಹಿಂದೆ ಎಲಿ ಹಾಕಿತ್ತ್." ಅವರು ಚಾವಡಿಯ ಸಾಲನ್ನು ಒಮ್ಮೆ ನೋಡಿದರು. ಮನೆಯನ್ನು ಹೊರಗಿನಿಂದ ಸುತ್ತಿ ಹಿಂದಿನ ಜಗಲಿಗೆ ಬಂದು, ಕಟ್ಟಿಗೆ ರಾಶಿಯ ಪಕ್ಕ ನಾನು ಹಾಸಿದ ಎಲೆಯ ಮುಂದೆ ಕೂತರು. ನಾನೇ ಅನ್ನ ಬಡಿಸಿದೆ, ಹರಿವೆ ಸೊಪ್ಪಿನ ಹುಳಿ ಬಡಿಸಿದೆ, ಪಾಯಸ ಬಡಿಸಿದೆ. ಒಳಗಿನಿಂದ ಒಬ್ಬೊಬ್ಬರೇ "ಹೊಸ್ತ್ ಉಂತೆ" ಎನ್ನುವುದೂ, ಅಮ್ಮಮ್ಮ "ಉಣ್, ಉಣ್" ಎನ್ನುವುದೂ, ಮುಂಬೈಯವರ ತಪ್ಪು ಉಚ್ಚಾರಕ್ಕೆ ಎಲ್ಲರೂ ನಗುವುದೂ ಕೇಳುತ್ತಿತ್ತು. ಶೀನಣ್ಣ ಕೈ ಮಡಚಿ ಕಾಯುತ್ತಿದ್ದರು. ಯಾರಾದರೂ ಒಬ್ಬರು ಹಿಂದಿನ ಬಾಗಿಲಿಗೆ ಬಂದು ಒಂದು ಮಾತು ಹೇಳಬೇಕಿತ್ತು. ಅನ್ನದ ಹಬೆ ನಿಂತಿತು. ಆಗ ಆ ನಲವತ್ತು ದಾಟಿದ ಮನುಷ್ಯ ಹನ್ನೊಂದು ವರ್ಷದ ನನ್ನನ್ನು ನೋಡಿ, ಮನೆಯವರ ಪೈಕಿ ಅಲ್ಲಿದ್ದವಳು ನಾನೊಬ್ಬಳೇ ಆದ್ದರಿಂದ, ತಮಾಷೆಯ ಲವಲೇಶವೂ ಇಲ್ಲದೆ ಹೇಳಿದರು:

"ಮಗಾ, ಹೊಸ್ತ್ ಉಂತೆ."

ನನಗೆ ಉತ್ತರ ಗೊತ್ತಿತ್ತು. ಆದರೆ ಅದು ಹಿರಿಯರು ಹೇಳುವ ಮಾತು, ಚಿಕ್ಕವಳಾದ ನಾನು ಹೇಳಿದರೆ ತಪ್ಪಾಗುತ್ತದೆಂದು ಹೆದರಿದೆ. ಅಷ್ಟರಲ್ಲಿ ಒಳಗಿನಿಂದ ಮಾವ ನನ್ನ ಹೆಸರು ಕೂಗಿದರು. ನಾನು ಓಡಿಹೋದೆ. ನನ್ನ ಎಲೆಯ ಮುಂದೆ ಕೂತು ನಾನೂ ಕೇಳಿದೆ, ಹೇಳಿಸಿಕೊಂಡೆ, ಉಂಡೆ. ಕೈತೊಳೆಯಲು ಹಿಂದೆ ಬಂದಾಗ ಅವರಿರಲಿಲ್ಲ, ಅವರ ಎಲೆ ನೀಟಾಗಿ ಮಡಚಿಟ್ಟಿತ್ತು. ಬಿಡಿಸಿ ನೋಡಿದೆ. ಒಂದಗುಳೂ ಕಡಿಮೆಯಾಗಿರಲಿಲ್ಲ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಗೆರಟೆಗಳಿಗೆ ಇರುವೆ ಹತ್ತದಂತೆ ಬೂದಿ ಹಾಕುತ್ತಿದ್ದೆ. ಮಾವ ಮುಂಬೈಗೆ ಹೊರಡುವ ಮೊದಲೇ ಸೊಕ್ಕು ಎಂಬ ಪದ ಮನೆಯೊಳಗೆ ಬಂದು ಕೂತಾಗಿತ್ತು. ಅಮ್ಮ ಯಾಕೆ ಯಡ್ತರೆಗೆ ಹೋಗಿ ಕರೆಯುವುದಿಲ್ಲ ಎಂದು ಒಮ್ಮೆ ಕೇಳಿದೆ. ನಿನಗೆ ಓದಲಿಕ್ಕಿಲ್ಲವಾ ಎಂದಳು. ನನಗೆ ಓದಲಿಕ್ಕಿತ್ತು. ಓದಿದೆ, ಮಂಗಳೂರಿಗೆ ಹೋದೆ, ಪದವಿಯ ಮೇಲೆ ಪದವಿ ಪಡೆದೆ, ಸಮಾನತೆಯ ಬಗ್ಗೆ ಬೇರೆಯವರು ಮಾಡಿದ ಭಾಷಣಗಳಿಗೆ ಚಪ್ಪಾಳೆಯನ್ನೂ ತಟ್ಟಿದೆ. ಊರಿಗೆ ಬಂದವಳು ಬೈಂದೂರಿನ ಕಡೆ ಹೋದರೆ ಬಸ್ಸು ಯಡ್ತರೆಯ ಶೆಡ್ಡಿನ ಮುಂದೆ ಹಾಯುತ್ತಿತ್ತು. ಪ್ರತಿ ಸಲವೂ ನಾನು ಬಸ್ಸಿನ ಇನ್ನೊಂದು ಬದಿಯ ಕಿಟಕಿಯ ಕಡೆ ತಿರುಗುತ್ತಿದ್ದೆ. ಮಾವನ ತಪ್ಪಿನ ಲೆಕ್ಕ ಇಡುವಾಗ ನನ್ನ ಈ ತಪ್ಪನ್ನೂ ಸೇರಿಸಿಕೊಳ್ಳುವುದು ನ್ಯಾಯ.

ಕಳೆದ ವರ್ಷ ಮಾವ ಕೊಲ್ಲೂರಿನಲ್ಲಿ ಯಾತ್ರಿಕರಿಗಾಗಿ ಲಾಡ್ಜು ಕಟ್ಟಿಸಿದರು. ಅದರ ಮುಂದೆ ನಿಲ್ಲಿಸಲು ಅವರಿಗೆ ಈಗ ಅದೇ ಲಾರಿ ಬೇಕಾಯಿತು. ಗುಜರಿಗೆ ಹಾಕಿ ಎಂದಿದ್ದವರು "ಆ್ಯಂಟಿಕ್" ಎನ್ನತೊಡಗಿದರು. ಹಸಿರು ಬಣ್ಣ ಬಳಿದು, ಒಮ್ಮೆ ಸ್ಟಾರ್ಟ್ ಆಗುವಂತೆ ಮಾಡಿಸಿ ಕೊಡು, ಜನ ಫೋಟೋ ತೆಗೆಯುತ್ತಾರೆ ಎಂದು ನನಗೆ ಫೋನು ಮಾಡಿದರು. ಅಮ್ಮನನ್ನು ಕೇಳಿದಿರಾ ಎಂದರೆ, ಅವಳದ್ದೆಂತ ಕೇಳುವುದು ಎಂದರು. ನಾನು ಒಪ್ಪಿಕೊಂಡೆ. ಲಾರಿಯನ್ನು ಎಬ್ಬಿಸುವುದು ನನಗೂ ಬೇಕಿತ್ತು, ಲಾಡ್ಜಿಗೆ ಕಳಿಸುವ ವಿಚಾರ ಆಮೇಲೆ ನೋಡಿದರಾಯಿತು ಎಂದುಕೊಂಡೆ. ಸದ್ದಿಲ್ಲದೆ ಹಂಡೆ ಸರಿಸುವ ಬುದ್ಧಿ ನನಗೂ ಬಂದಿತ್ತು.

ಕುಂದಾಪುರದಿಂದ ಒಬ್ಬ ಮೆಕ್ಯಾನಿಕ್ ಬಂದರು. ಟಾರ್ಚು ಹಿಡಿದು ಇಂಜಿನ್ನಿನೊಳಗೆ ನೋಡಿದರು. ಗೆರಟೆಗಳ ಬೋಲ್ಟುಗಳನ್ನು ನಾನು ಎಂದೋ ಬದಲಿಸಿ ತುಂಬಿಟ್ಟಿದ್ದ ಡಬ್ಬಗಳನ್ನು ನೋಡಿದರು.

"ಇದನ್ನ್ ಬಿಚ್ಚದ್ ಯಾರ್?"

"ಯಡ್ತರೆ ಶೀನಣ್ಣ."

ಅವರು ಟಾರ್ಚು ಆರಿಸಿದರು. "ಹಾಂಗಾರೆ ನಾ ಕೈ ಹಾಕುಕಾತಿಲ್ಲೆ. ನಂಗ್ ಸ್ಪ್ಯಾನರ್ ಹಿಡುಕೆ ಕಲ್ಸದ್ ಅವ್ರ್. ಅವ್ರ್ ಬದ್ಕಿಪ್ಪತನ್ಕ ಅವ್ರ್ ಬಿಚ್ಚದ್ ಇಂಜಿನ್ ಅವ್ರದ್ದೇ."

ಬ್ರಹ್ಮಾವರಕ್ಕೆ ಹೋಗಿ ಕೇಳಿದೆ, ಅಲ್ಲಿಯವರದೂ ಅದೇ ಮಾತು. ಒಬ್ಬರು ಬಿಚ್ಚಿದ ಇಂಜಿನ್ನಿಗೆ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಕೈ ಹಾಕುವುದು ಆ ಕಸುಬಿನಲ್ಲಿ ಮರ್ಯಾದೆ ಅಲ್ಲವಂತೆ. ಊಟಕ್ಕೆ ಕರೆಸಿಕೊಂಡವರನ್ನು ಹಿಂದಿನ ಜಗಲಿಗೆ ಕಳಿಸುವುದು ನಮ್ಮ ಮನೆಯಲ್ಲಿ ಮರ್ಯಾದೆಯಾಗಿತ್ತು. ಅಂದು ಹಿಂದೆ ಬರುವಾಗ ನಾನು ಬಿಜೂರಿನಲ್ಲಿ ಇಳಿಯದೆ ಯಡ್ತರೆಗೆ ಹೋಗಿ ಇಳಿದೆ.

ಶೆಡ್ಡನ್ನು ಬೇರೆಯವರಿಗೆ ಬಿಟ್ಟು ಶೀನಣ್ಣ ಹಿಂದಿನ ಮನೆಯಲ್ಲಿದ್ದರು. ಕೂದಲು ಪೂರ್ತಿ ಬಿಳಿಯಾಗಿತ್ತು. ನಾನು ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ. ಕುರ್ಚಿ ಎಳೆದು ಕೊಟ್ಟರು. ಮೂರು ದಿನ ಮನಸ್ಸಿನಲ್ಲೇ ಬರೆದು ತಿದ್ದಿದ ವಾಕ್ಯಗಳನ್ನು ನಾನು ಹೇಳಿದೆ: ಅಂದು ನೀವು ನನ್ನನ್ನು ಕೇಳಿದಿರಿ, ನಾನು ಹೇಳಲಿಲ್ಲ, ತಪ್ಪಾಯಿತು.

"ನಿಂದ್ ಎಂತ ತಪ್ಪ್? ಸಣ್ ಹೆಣ್ಣ್." ಆಮೇಲೆ ಅವರು ಕೇಳಿದರು, "ನಾ ಸಿಟ್ಟ್ ಮಾಡ್ಕಂಡ್ ಕೆಲ್ಸ ಬಿಟ್ಟೆ ಅಂದೇಳಿ ಹೇಳ್ತ್ರಂಬ್ರಲೆ ನಿಮ್ ಮನಿಯಾಗೆ?"

"ಹೌದು."

"ನಾ ಮರ್ದಿನವೇ ಬಂದಿದ್ದೆ ಮಗಾ. ಊಟದ್ದ್ ಬೇರೆ, ಕೆಲ್ಸ ಬೇರೆ. ತಲಿ ಬಿಚ್ಚಿಟ್ಟ್ ಇಂಜಿನ್ ಬಿಟ್ಟಿಕ್ ಹೋಪುಕಾತ್ತಾ? ನಿನ್ನಮ್ಮನೇ ದಣಪೆ ಬಾಗ್ಲ್ ಹತ್ರ ನಿಲ್ಸಿ, ಅಣ್ಣ ಹೋಪತನ್ಕ ಬಪ್ಪುದ್ ಬೇಡ, ನಾ ಹೇಳಿ ಕಳ್ಸ್ತೆ ಅಂದ್ರ್. ನಾ ಕಾದೆ."

ಹೊರಡುವಾಗ ಅವರು ಬಾಗಿಲವರೆಗೆ ಬಂದು ಹೇಳಿದ್ದು ಇಷ್ಟು: "ಬತ್ತೆ. ಆರೆ ಹೇಳಿ ಕಳ್ಸ್ತೆ ಅಂದವ್ರ್ ಬಂದ್ ಕರಿಯಲಿ."

ಆ ಸಂಜೆ ಅಮ್ಮ ಅಡುಗೆಮನೆಯಲ್ಲಿ ಹರಿವೆ ಸೊಪ್ಪು ಸೋಸುತ್ತಿದ್ದಳು. ನಾನು ಚಪ್ಪಲಿ ಬಿಟ್ಟವಳೇ ನೇರ ಅಲ್ಲಿಗೆ ಹೋದೆ.

"ಶೀನಣ್ಣ ಮರ್ದಿನ ಬಂದಿದ್ರಾ?"

ಅಮ್ಮನ ಕೈ ನಿಲ್ಲಲಿಲ್ಲ. "ಬಂದಿದ್ದ."

"ಮಾವ ಹೋದ್ ಮೇಲಾರೂ ಕರಿಲಕ್ಕಿತ್ತಲೆ?"

"ಎಂತ ಮುಖ ಹೊತ್ಕಂಡ್ ಹೋಪುದ್? ನಾಚ್ಕಿ ಆತಿತ್."

"ನಿಂಗ್ ನಾಚ್ಕಿ ಆಯ್ತ್, ಸೊಕ್ಕಿನ ಹೆಸ್ರ್ ಅವ್ರಿಗ್ ಬಂತ್. ಹದಿನೆಂಟ್ ವರ್ಷ ಕೇಂತಾ ಕೂತೆ ನೀನ್. ಮಾವ ಹೇಳದ್ ಒಂದಿನ, ನೀನ್ ಸುಮ್ನಿದ್ದದ್ ದಿನಾ."

ಅಷ್ಟು ದೊಡ್ಡ ದನಿಯಲ್ಲಿ ನಾನು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು. ನೀನೇ ಹೋಗಿ ಕರೆದರೆ ಮಾತ್ರ ಅವರು ಬರುತ್ತಾರೆ ಎಂದೂ ಹೇಳಿದೆ. ಮರುದಿನ ಅಮ್ಮ ಮೊಣಕಾಲು ನೋವೆಂದಳು, ಅದರ ಮರುದಿನ ಬಿಸಿಲೆಂದಳು. ಮೂರನೆಯ ದಿನ ನಾನು ಕೇಳದೆಯೇ ಸೀರೆ ಬದಲಿಸಿ ಜಗಲಿಗೆ ಬಂದು, ಆಟೋಗೆ ಫೋನು ಮಾಡು ಎಂದಳು.

ಶೀನಣ್ಣ ಅಂಗಳದಲ್ಲೇ ಇದ್ದರು. ಅಮ್ಮ ಆಟೋದಿಂದ ಇಳಿದವಳು ಎರಡು ಹೆಜ್ಜೆ ಇಟ್ಟು ನಿಂತಳು. "ಕರಿಯುಕೆ ಬಂದೆ ಶೀನಣ್ಣ" ಎಂದಳು. ಹಿಂದೆಲ್ಲ ಶೀನ ಎನ್ನುತ್ತಿದ್ದವಳು.

"ಯಾರ್ ಕರೂದ್? ನಿಮ್ ಅಣ್ಣನಾ?"

"ನಾನ್. ಲಾರಿ ನಂದ್. ಅದ್ ಎಲ್ಲಿಗೂ ಹೋತಿಲ್ಲೆ, ನಮ್ಮನಿ ಅಂಗಳ್ದಾಗೇ ಇರತ್ತ್." ಆಮೇಲೆ ಸೇರಿಸಿದಳು, "ಅವತ್ತೇ ಹೇಳ್ಕಿತ್ತ್ ನಾನ್. ಹೇಳಲಿಲ್ಲೆ."

ನನಗೆ ಸಮಾಧಾನವಾಗಬೇಕಿತ್ತು. ನನಗೆ ಬಂದದ್ದು ಇನ್ನಷ್ಟು ಸಿಟ್ಟು. ಹೇಳಲು ಅರ್ಧ ನಿಮಿಷ ಸಾಕಾದ ಮಾತು ಅದು. ಬಿಜೂರಿನಿಂದ ಯಡ್ತರೆ ಎಷ್ಟು ದೂರ?

ಭಾನುವಾರ ಶೀನಣ್ಣ ಬಂದರು. ಪಿಸ್ಟನ್ನುಗಳು ತುಕ್ಕಿನಿಂದ ಹಿಡಿದುಕೊಂಡಿವೆ, ಎಣ್ಣೆ ಬಿಟ್ಟು ಅವು ಸಡಿಲವಾಗಲು ತಿಂಗಳುಗಟ್ಟಲೆ ಕಾಯಬೇಕು, ಆದರೂ ಎದ್ದೀತೆಂದು ಹೇಳಲಾರೆ ಎಂದರು. ಮಧ್ಯಾಹ್ನ ಅಮ್ಮ ಚಾವಡಿಯ ನಡುವೆ, ಎಲ್ಲಕ್ಕಿಂತ ಮೇಲಿನ ಜಾಗದಲ್ಲಿ ಎಲೆ ಹಾಕಿ, ನೀರಿಟ್ಟು, ತಾನೇ ಅಂಗಳಕ್ಕಿಳಿದು ಕರೆದಳು. ಅವರು ಕೈತೊಳೆದು ಬಂದು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು.

"ಊಟ ತಂದಿದ್ದೆ ಅಮ್ಮ. ಕೆಲ್ಸಕ್ ಬಂದದ್ದಲ್ದಾ."

ದನಿಯಲ್ಲಿ ಕಹಿ ಇರಲಿಲ್ಲ. ಲಾರಿಯ ಬಾಗಿಲು ತೆರೆದು, ಡ್ರೈವರ್ ಸೀಟಿನ ಮೇಲೆ ಪೇಪರು ಹಾಸಿ ಕೂತು, ಡಬ್ಬಿ ಬಿಚ್ಚಿದರು. ಮೀನಿನ ಸಾರಿನ ವಾಸನೆ ಜಗಲಿಯವರೆಗೂ ಬಂತು. ಅಮ್ಮ ಅಂಗಳದ ಬಿಸಿಲಿನಲ್ಲಿ ನಿಂತೇ ಇದ್ದಳು. ಒಳಗೆ ಬಾ ಎಂದು ನಾನೂ ಕರೆಯಲಿಲ್ಲ. ಅವರು ಅವಸರವಿಲ್ಲದೆ ಉಂಡರು, ಮುಳ್ಳುಗಳನ್ನು ಡಬ್ಬಿಯ ಮುಚ್ಚಳದಲ್ಲಿ ಒಟ್ಟಿದರು, ಬಾವಿಕಟ್ಟೆಗೆ ಹೋಗಿ ಡಬ್ಬಿ ತೊಳೆದು ತಂದರು. ಅಷ್ಟೂ ಹೊತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆಮೇಲೆ ಅವರು ಅಮ್ಮನ ಕಡೆ ತಿರುಗಿ, ಬೆಳಿಗ್ಗೆ ತಂದ ಎಣ್ಣೆಯ ಕ್ಯಾನನ್ನು ತೋರಿಸಿ, ನಾನು ಒಂದೊಂದೇ ಪಿಸ್ಟನ್ನಿಗೆ ಬಿಡುತ್ತೇನೆ, ನೀವು ಈ ಬದಿಯಿಂದ ಬೆಳಕು ಹಿಡಿಯಿರಿ ಎಂದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಟಾರ್ಚು ಹಿಡಿದಳು.